ಕುಂಬಳೆಯ ಪೋಲ್‌ವಾಲ್ಟ್ ತರಬೇತಿ: ಕಲಿಸುವುದು ಚೆನ್ನ, ಕೋಲುಗಳು ಸಾಲವು

ಸ್ಪರ್ಧೆ ಬಿಟ್ಟು ತರಬೇತಿಗೆ ಇಳಿದ ಹಳೆಯ ಪೋಲ್‌ವಾಲ್ಟ್ ಪಟುವೊಬ್ಬರು ಕಾಸರಗೋಡಿನ ಕುಂಬಳೆ ಆಸುಪಾಸಿನ ಶಾಲಾ ಮಕ್ಕಳಿಗೆ ಕೋಲೂರಿ ಹಾರಲು ಕಲಿಸುತ್ತಿದ್ದಾರೆ. ಕನ್ನಡ, ತುಳು, ಮಲಯಾಳ ಮೂರರಲ್ಲೂ ಹೇಳಿಕೊಡುತ್ತಾರೆ. ತಾನು ಹಾರುತ್ತಿದ್ದ ರೀತಿಯನ್ನು ಮಕ್ಕಳ ಮೇಲೆ ಹೇರುವುದಿಲ್ಲ ಎಂಬುದೇ ಈ ಮಾಷ್ಟ್ರ ದೊಡ್ಡ ಗುಣ. ದೊಡ್ಡವರ 16–18 ಹೆಜ್ಜೆಯ ಓಟವಾಗಲಿ ಬಾಗುವ ಫೈಬರ್ ಕೋಲಾಗಲಿ ಆರಂಭದಲ್ಲಿ ಇಲ್ಲ. ಮರಳುಗುಂಡಿ, ಬಾಗದ ಕೋಲು, ಆರು ಹೆಜ್ಜೆ ಓಟ, ತಗ್ಗಿನ ಹಿಡಿತ. ಇದು ಸಲೀಸಾಗುವವರೆಗೆ ಬಾರ್ (ದಾಟಬೇಕಾದ ಅಡ್ಡಕೋಲು) ಇಡುವುದೇ ಇಲ್ಲ.

ಹೆಚ್ಚು ಹೊತ್ತು ಹಿಡಿಯುವುದು ಕೊನೆಯ ಮೂರು ಹೆಜ್ಜೆ. ಬಲಗೈ ಮೇಲಿಟ್ಟು ಹಿಡಿಯುವವರು ಎಡಗಾಲಲ್ಲಿ ನೆಗೆಯಬೇಕು. ಸೊಂಟದ ಪಕ್ಕದ ಬಲಗೈ ಮೂರು ಹೆಜ್ಜೆ ಬಾಕಿಯಿರುವಾಗಲೇ ಮೇಲೇಳಲು ಶುರುವಾಗಿ, ಕಾಲು ನೆಲ ಬಿಡುವ ಮೊದಲು ತಲೆಯ ಮೇಲೆ ಪೂರ್ತಿ ಚಾಚಿರಬೇಕು. ಆ ಕೈಯ ನೇರ ಕೆಳಗೆ ಎಡಗಾಲು. ಕಾಲು ಅದನ್ನು ದಾಟಿ ಬಾಕ್ಸಿನ (ಕೋಲಿನ ತುದಿ ಊರುವ ಗುಂಡಿಯ) ಕಡೆಗೆ ಬಿದ್ದರೆ ಕೋಲು ಮೈಯನ್ನು ಹಿಂದಕ್ಕೆ ಜಗ್ಗುತ್ತದೆ, ಭುಜಕ್ಕೂ ಬೆನ್ನಿಗೂ ಏಟು. ಇದಕ್ಕೆ ಓಟ ಶುರುಮಾಡುವ ಗುರುತನ್ನು ಹಿಂದೆ ಸರಿಸಿ ಸುಮ್ಮನಾಗುವವರೇ ಹೆಚ್ಚು. ಮಾಷ್ಟ್ರು ಮೊದಲು ಕೈ ನೋಡುತ್ತಾರೆ. ಕೈ ತಡವಾದರೆ, ಅದು ಮೇಲೇರುವಷ್ಟರಲ್ಲಿ ಕಾಲು ಒಳಗೆ ಹೋಗಿರುತ್ತದೆ. ಗುರುತು ಎಲ್ಲಿಟ್ಟರೂ ಅಷ್ಟೇ. ಹಾರಿದವರ ಕಣ್ಣಿಗೆ ಇದು ಬೇಗ ಬೀಳುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 6.25 ಮೀಟರ್ ದಾಟಿದ ಅರ್ಮಾಂಡ್ ಡುಪ್ಲಾಂಟಿಸ್‌ಗೆ ಕಲಿಸಿದ ತಂದೆ ಗ್ರೆಗ್ ಕೂಡ 5.80 ಹಾರಿದವರು.

ಬಾಕ್ಸ್ ನಿಯಮದಂತೆ 1 ಮೀಟರ್ ಉದ್ದ, ಕೊನೆಯಲ್ಲಿ 20 ಸೆಂ.ಮೀ. ಆಳ ಇದೆ. ನಮ್ಮ ಮುರಕಲ್ಲಿನ ನೆಲದಲ್ಲಿ ಮಳೆ ಬಂದರೆ ಅದರೊಳಗೆ ನೀರು, ಜಲ್ಲಿಪುಡಿ ಸೇರಿ ಕೋಲಿನ ತುದಿ ಗೋಡೆಗೆ ಸರಿಯಾಗಿ ಕೂರದೆ ಜಾರುತ್ತದೆ. ಇಲ್ಲಿ ಪ್ರತಿ ಅಭ್ಯಾಸಕ್ಕೂ ಮೊದಲು ಒರೆಸುತ್ತಾರೆ. ಬಾಕ್ಸಿನ ಸುತ್ತ ಸ್ಪಂಜಿನ ಕಾಲರ್ ಇದೆ, ಹಾರಿ ಬೀಳುವ ಹಾಸನ್ನು ಹಲಗೆಯ ಮೇಲೆ ಎತ್ತರಿಸಿ ಇಟ್ಟಿದ್ದಾರೆ.

ಕೊರತೆಯಿರುವುದು ಕೋಲುಗಳಲ್ಲಿ. ಕೋಲಿನ ಮೇಲೆ ನಮೂದಾದ ತೂಕ (ಕೋಲಿನದ್ದಲ್ಲ, ಅದು ತಾಳುವ ಮೈತೂಕ) ಹಾರುವವರ ತೂಕಕ್ಕಿಂತ ಕಡಿಮೆ ಇರಕೂಡದು. ಇಲ್ಲಿ 45 ಕಿಲೋದ ಕೋಲು ಬಿಟ್ಟರೆ ಮುಂದಿನದು 60. ಹಾಗಾಗಿ 50 ಕಿಲೋದ ಹುಡುಗಿಗೆ 45ರದ್ದು ಕೊಡುವಂತಿಲ್ಲ (ಕೊಡುವುದೂ ಇಲ್ಲ, ಆ ಶಿಸ್ತು ಮೆಚ್ಚಬೇಕು). 60ರದ್ದು ಅವಳಿಗೆ ಬಾಗದು, ನೆಟ್ಟಗಾಗುವ ಮೊದಲೇ ರನ್‌ವೇ (ಓಡಿ ಬರುವ ದಾರಿ) ಕಡೆಗೆ ವಾಪಸು ತಳ್ಳುತ್ತದೆ. ಹಿಡಿತ ಇಳಿಸಿ ಹಾರಿಸುತ್ತಾರೆ. ಅಪಾಯ ತಪ್ಪುತ್ತದೆ, ಆದರೆ ಎತ್ತರ ಏರುವುದಿಲ್ಲ. 50 ಮತ್ತು 55ರ ಎರಡು ಕೋಲು ತುರ್ತಾಗಿ ಬೇಕು. ಇರುವ ಕೋಲುಗಳನ್ನು ರನ್‌ವೇ ಮೇಲೆ ಬಿಡುವ ಅಭ್ಯಾಸವೂ ನಿಲ್ಲಬೇಕು: ಬೂಟಿನ ಸ್ಪೈಕಿನ (ಅಡಿಯ ಮೊಳೆಯ) ಒಂದು ಗೀರು ಸಾಕು, ಬಾಗುವಾಗ ಕೋಲು ಅಲ್ಲೇ ಮುರಿಯಬಹುದು.

ಉಪಜಿಲ್ಲಾ ಕ್ರೀಡಾಕೂಟ ಹತ್ತಿರ ಬಂದಾಗ ಮಕ್ಕಳನ್ನು ಕರೆತಂದು ಪ್ರಯೋಜನವಿಲ್ಲ. ಏಪ್ರಿಲ್ ರಜೆಯಲ್ಲೇ ಸೇರಿಸಿ. ಅಷ್ಟರೊಳಗೆ ಮನೆಯಲ್ಲಿ ಹಗ್ಗ ಹತ್ತುವುದು, ಕಂಬಿ ಹಿಡಿದು ನೇತಾಡಿ ಕಾಲೆತ್ತುವುದು ಅಭ್ಯಾಸವಾಗಿದ್ದರೆ ಮರಳುಗುಂಡಿಯ ಹಂತ ಬೇಗ ಮುಗಿಯುತ್ತದೆ.