ಸ್ಲಗ್ ಕಾಟಕ್ಕೆ ಫೆರಿಕ್ ಫಾಸ್ಫೇಟ್ ಗುಳಿಗೆ: ಬಳಸಿ ನೋಡಿದ ಮೇಲೆ

ಇಂಗ್ಲೆಂಡಿನ ನಮ್ಮ ಹಿತ್ತಿಲಲ್ಲಿ ಈ ವಸಂತ ಮೇ ತಿಂಗಳು ಬಂದರೂ ಚಳಿ ಬಿಡಲಿಲ್ಲ. ಹುರುಳಿಕಾಯಿ ಸಸಿಗಳು ಎರಡೆಲೆಯಲ್ಲೇ ನಿಂತುಬಿಟ್ಟವು. ಹಾಗೆ ಬೆಳೆಯದೆ ನಿಂತ ಎಳೆ ಸಸಿಯೆಂದರೆ ಚಿಪ್ಪಿಲ್ಲದ ಬಸವನಹುಳುವಾದ ಸ್ಲಗ್‌ಗೆ ಹಬ್ಬದೂಟವಾದ್ದರಿಂದ, ಬೆಳಗಾಗುವಷ್ಟರಲ್ಲಿ ಮೋಟು ದಂಟುಗಳಷ್ಟೇ ಉಳಿದು, ಮಣ್ಣಿನ ಮೇಲೆ ಲೋಳೆಯ ಗೆರೆಗಳು ಹೊಳೆಯುತ್ತಿದ್ದವು.

ಸ್ಲಗ್ ಕೊಲ್ಲಲು ಮೊದಲು ಬಳಸುತ್ತಿದ್ದ ಮೆಟಾಲ್ಡಿಹೈಡ್ ಎಂಬ ವಿಷದ ಗುಳಿಗೆಗಳ ಹೊರಾಂಗಣ ಬಳಕೆ ಬ್ರಿಟನ್ನಿನಲ್ಲಿ 2022ರಲ್ಲಿ ನಿಷೇಧವಾದದ್ದರಿಂದ ಕಬ್ಬಿಣದ ಸಂಯುಕ್ತವಾದ ಫೆರಿಕ್ ಫಾಸ್ಫೇಟಿನ ಗುಳಿಗೆ ತಂದೆ. ಇದನ್ನು ತಿಂದ ಹುಳು ಮೇಯುವುದನ್ನು ನಿಲ್ಲಿಸಿ ಹೆಚ್ಚಾಗಿ ಮಣ್ಣಿನೊಳಗೆ ಹೋಗಿ ಸಾಯುತ್ತದೆ. ಸತ್ತ ಹುಳು ಕಣ್ಣಿಗೆ ಬೀಳದ ಕಾರಣ ಮೊದಲ ವಾರ ದುಡ್ಡು ದಂಡವಾಯಿತೆಂದೇ ಭಾವಿಸಿದ್ದೆ. ಎರಡನೇ ಸಲ ಬಿತ್ತಿದ ಹುರುಳಿಕಾಯಿ ಬಹುಪಾಲು ಉಳಿಯಿತು, ಪಾಲಕ್ ಅರ್ಧ ಹೋಯಿತು. ಡಬ್ಬಿಯ ಮುಚ್ಚಳದ ತೂತು ಮಾತ್ರ ತೀರಾ ದೊಡ್ಡದು. ಗುಳಿಗೆಗಳು ಒಂದೇ ಕಡೆ ರಾಶಿ ಬೀಳುವುದರಿಂದ, ಕೈಗವಸು ತೊಟ್ಟು ತೆಳುವಾಗಿ ಉದುರಿಸಬೇಕಾಯಿತು.