ಸೈನಿಕನ ಭಾವಚಿತ್ರಕ್ಕೆ ಮರುಜೀವ: ಗಾಂಧಿ ಬಜಾರಿನ ಒಂದು ಫೋಟೊ ಸ್ಟುಡಿಯೊ

ಹಾಳಾದ ಹಳೆಯ ಫೋಟೊಗಳನ್ನು ಸರಿಪಡಿಸುವ ಅಂಗಡಿಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಆದರೆ ಫೋಟೊದಲ್ಲಿರುವ ಮನುಷ್ಯನನ್ನು ಬದಲಿಸದೆ ಹಿಂದಿರುಗಿಸುವವರು ಕಡಿಮೆ. ಗಾಂಧಿ ಬಜಾರಿನ ಅಡ್ಡರಸ್ತೆಯಲ್ಲಿರುವ ಈ ಚಿಕ್ಕ ಸ್ಟುಡಿಯೊ ಆ ಕೆಲಸವನ್ನು ಶ್ರದ್ಧೆಯಿಂದ ಮಾಡುತ್ತದೆ.

ನಾವು ಕೊಟ್ಟದ್ದು ನಮ್ಮ ಸೋದರಮಾವನದೆಂದು ಉಳಿದಿರುವ ಒಂದೇ ಫೋಟೊ. ಮಂಡ್ಯದ ಕಡೆಯ ಹಳ್ಳಿಯಲ್ಲಿ ಹುಟ್ಟಿದ ಅವರು, ಹದಿನೆಂಟು ತುಂಬುತ್ತಲೇ ಹಲಸೂರು ಕೆರೆಯ ಬಳಿಯ ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿ ಸ್ಯಾಪರ್ (ಸೇನೆಯ ಎಂಜಿನಿಯರ್ ಪಡೆಯ ಸಿಪಾಯಿ) ಆಗಿ ಸೇರಿ, ತರಬೇತಿಯ ಕೊನೆಯಲ್ಲಿ ಪ್ರಮಾಣವಚನ ಸ್ವೀಕರಿಸುವ ಕಸಂ ಪರೇಡ್ ಮುಗಿದ ಮೇಲೆ ಶಿವಾಜಿನಗರದಲ್ಲಿ ಇದನ್ನು ತೆಗೆಸಿಕೊಂಡಿದ್ದರು. 1971ರ ಡಿಸೆಂಬರ್ 15ರ ರಾತ್ರಿ, ಪಾಕಿಸ್ತಾನದೊಂದಿಗಿನ ಯುದ್ಧದಲ್ಲಿ, ಶಕರ್‌ಗಢ ವಲಯದ ಬಸಂತರ್ ನದಿಯ ಬಳಿ, ನಮ್ಮ ಟ್ಯಾಂಕುಗಳು ದಾಟುವುದಕ್ಕಾಗಿ ನೆಲಬಾಂಬುಗಳನ್ನು ತೆಗೆದು ದಾರಿ ಮಾಡುತ್ತಿದ್ದಾಗ ಶೆಲ್ ದಾಳಿಗೆ ಸಿಕ್ಕಿ ತೀರಿಕೊಂಡರು. ಆಗ ಅವರ ವಯಸ್ಸು 20. ಮರುದಿನ ಅದೇ ರಣರಂಗದಲ್ಲಿ 21 ವರ್ಷದ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಹುತಾತ್ಮರಾದರು. ಅತ್ತ ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಯಿತು. ನಮ್ಮ ಅಜ್ಜಿಗೆ ಬಂದದ್ದು ಒಂದು ತಂತಿ, ಆಮೇಲೆ ಅವರ ಕಬ್ಬಿಣದ ಟ್ರಂಕು. ಪರಮವೀರ ಚಕ್ರ ಪಡೆದ ಖೇತ್ರಪಾಲರ ಮುಖವನ್ನು ದೇಶ ಗುರುತಿಸುತ್ತದೆ, ಗುರುತಿಸಲೂಬೇಕು. ಮಾವನಂಥವರ ಮುಖ ಅವರವರ ಮನೆಯವರಿಗಷ್ಟೇ ಗೊತ್ತು, ಆ ಮನೆಯವರಿಗೂ ಈಗ ವಯಸ್ಸಾಗುತ್ತಿದೆ.

ಫೋಟೊ ಚೌಕಟ್ಟಿನ ಗಾಜಿಗೆ ಅಂಟಿಕೊಂಡಿತ್ತು. ಕಿತ್ತರೆ ಮುಖದ ಪದರವೇ ಗಾಜಿನೊಂದಿಗೆ ಬರುತ್ತದೆಂದು ಹೇಳಿ, ಗಾಜಿನ ಸಮೇತವೇ ಸ್ಕ್ಯಾನ್ ಮಾಡಿದರು. ಎಡಗೆನ್ನೆಯ ಮೇಲೆ ಬೂಷ್ಟು ಹಿಡಿದಿತ್ತು, ಸಮವಸ್ತ್ರದ ಕಪ್ಪು ಭಾಗಗಳಲ್ಲಿ ಬೆಳ್ಳಿಯಂಥ ಹೊಳಪು ಎದ್ದಿತ್ತು. ಮೊದಲು ವಿಚಾರಿಸಿದ ಇನ್ನೊಂದು ಅಂಗಡಿಯಲ್ಲಿ ಕಂಪ್ಯೂಟರ್ ತಾನೇ ಕಲ್ಪಿಸಿಕೊಟ್ಟ ನಮೂನೆಯಲ್ಲಿ ಮಾವನಿಗೆ ಮೂವತ್ತರ ಗಂಡಸಿನ ಗಟ್ಟಿ ದವಡೆ ಬಂದಿತ್ತು. ಬೇಕಾದರೆ ಎದೆಯ ಮೇಲೆ ಪದಕಗಳನ್ನೂ ಕೂರಿಸುತ್ತೇವೆ ಎಂದಿದ್ದರು. ಈ ಸ್ಟುಡಿಯೊದ ಮಾಲೀಕರು ಅಂಥದ್ದಕ್ಕೆ ಕೈ ಹಾಕಲಿಲ್ಲ. ನಮ್ಮ ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಅಮ್ಮಾ, ಹುಬ್ಬಿನ ಮೇಲಿರುವುದು ಫೋಟೊದ ಕಲೆಯೋ, ತಮ್ಮನಿಗಿದ್ದ ಗುರುತೋ?" ಎಂದು ಕೇಳಿದರು. ಸಿಡುಬಿನ ಕಲೆ ಎಂದು ತಾಯಿ ಹೇಳಿದ ಮೇಲೆ ಅದನ್ನು ಹಾಗೆಯೇ ಬಿಟ್ಟು, ಸುತ್ತಲಿನ ಬೂಷ್ಟನ್ನು ಮಾತ್ರ ಚೂರುಚೂರಾಗಿ ಅಳಿಸಿದರು. ಇನ್ನೂ ಸರಿಯಾಗಿ ಮೀಸೆ ಮೂಡದ, ಕ್ಯಾಮೆರಾದ ಮುಂದೆ ಉಸಿರು ಬಿಗಿಹಿಡಿದು ನಿಂತ ಹುಡುಗ ಹುಡುಗನಾಗಿಯೇ ಉಳಿದಿದ್ದಾನೆ. ನನ್ನ ದೃಷ್ಟಿಯಲ್ಲಿ ಇಡೀ ಸೇವೆಯ ಬೆಲೆ ಇರುವುದು ಇಲ್ಲಿಯೇ.

ಕೊರತೆಗಳೂ ಇವೆ. ಹೇಳಿದ ದಿನಕ್ಕೆ ಕೆಲಸ ಮುಗಿಯುವುದಿಲ್ಲ. ವರ್ಷಾಬ್ದಿಕಕ್ಕೆ ಬೇಕೆಂದಿದ್ದರೆ ಬಹಳ ಮುಂಚೆ ಕೊಡಬೇಕು. ಮುದ್ರಣ ಮ್ಯಾಟ್ ಕಾಗದದ ಮೇಲೆ ಸೊಗಸಾಗಿದ್ದರೂ, ಅವರು ಹಾಕುವ ಸಾಧಾರಣ ಗಾಜು ಟ್ಯೂಬ್‌ಲೈಟಿನ ಬೆಳಕಿಗೆ ಹೊಳೆದು ಮುಖವನ್ನು ಮರೆಮಾಡುತ್ತದೆ, ಆದ್ದರಿಂದ ಚೌಕಟ್ಟನ್ನು ಬೇರೆ ಕಡೆ ಹಾಕಿಸುವುದು ಒಳ್ಳೆಯದು. ದರವನ್ನು ಮೊದಲೇ ಚೀಟಿಯಲ್ಲಿ ಬರೆದುಕೊಡುತ್ತಾರೆ, ಆಮೇಲೆ ಹೆಚ್ಚಿಸುವುದಿಲ್ಲ. ಇಂಥ ಫೋಟೊ ಮನೆಯಲ್ಲಿರುವವರು ಅದನ್ನು ಚೌಕಟ್ಟಿನಿಂದ ಬಿಚ್ಚದೆ ಹಾಗೆಯೇ ಒಯ್ಯಿರಿ, ಸಾಧ್ಯವಾದರೆ ಆ ಮುಖವನ್ನು ಕಣ್ಣಾರೆ ಕಂಡಿದ್ದ ಹಿರಿಯರನ್ನೂ ಜೊತೆಗೆ ಕರೆದುಕೊಂಡು ಹೋಗಿರಿ.