ಡಿಫೆಂಡರ್ 300 ಟಿಡಿಐ ಟೈಮಿಂಗ್ ಬೆಲ್ಟ್ ಕಿಟ್: ನೀರಿಗಿಳಿಯೋ ಗಾಡಿಗೆ ಬರೀ ಬೆಲ್ಟ್ ಸಾಕಾಗಲ್ಲ

ಲ್ಯಾಂಡ್ ರೋವರ್ ಡಿಫೆಂಡರ್ ಗಾಡಿಯ 300 ಟಿಡಿಐ ಡೀಸೆಲ್ ಇಂಜಿನ್‌ಗೆ ಫುಲ್ ಟೈಮಿಂಗ್ ಕಿಟ್ (ಕ್ರ್ಯಾಂಕ್, ಕ್ಯಾಮ್, ಡೀಸೆಲ್ ಪಂಪ್ ಮೂರನ್ನೂ ಒಂದೇ ಲೆಕ್ಕದಲ್ಲಿ ತಿರುಗಿಸೋ ಹಲ್ಲಿನ ಬೆಲ್ಟು, ಅದರ ಜೊತೆ ಸಾಮಾನು) ಹಾಕ್ಸಿ, ಆಮೇಲೆ ಕೆಸರು, ಹಳ್ಳ, ಧೂಳು ಎಲ್ಲದರಲ್ಲೂ ಓಡಿಸಾಯ್ತು, ಈಗ ಧೈರ್ಯವಾಗಿ ಬರೀತಿದೀನಿ. ಬೆಲ್ಟ್ ಒಂದನ್ನೇ ಬಿಡಿಯಾಗಿ ತಗೋಬೇಡಿ, ಕಿಟ್ಟೇ ತಗೊಳ್ಳಿ.

ಡಬ್ಬದಲ್ಲಿ ಬೆಲ್ಟು, ಅದನ್ನ ಬಿಗಿಯಾಗಿಡೋ ಟೆನ್ಷನರ್, ದಾರಿ ಹಿಡಿಸೋ ಐಡ್ಲರ್ ಪುಲ್ಲಿ, ಆಯಿಲ್ ಸೋರದಂಗೆ ತಡೆಯೋ ಕ್ರ್ಯಾಂಕ್ ಮತ್ತೆ ಕ್ಯಾಮ್ ಸೀಲು, ಮುಂದಿನ ಕವರ್ ಗ್ಯಾಸ್ಕೆಟ್ ಎಲ್ಲಾ ಇದೆ. ನಂಗೆ ಬೆಲ್ಟ್‌ಗಿಂತ ಹೆಚ್ಚು ಖುಷಿ ಕೊಟ್ಟಿದ್ದು ಆ ಸೀಲು, ಗ್ಯಾಸ್ಕೆಟ್ಟೇ. ಟಾರ್ ರೋಡಲ್ಲಿ ಓಡೋ ಗಾಡಿ ಬೆಲ್ಟ್ ವಯಸ್ಸಾಗಿ ಹೋಗತ್ತೆ, ಕಾಡುಮೇಡು ಸುತ್ತೋ ಗಾಡಿಲಿ ಅದಕ್ಕಿಂತ ಮುಂಚೆನೇ ಕವರ್ ಒಳಗೆ ನುಗ್ಗಿದ ಮರಳೋ, ಸೀಲಿಂದ ಸೋರಿದ ಆಯಿಲ್ಲೋ ಅದರ ಕಥೆ ಮುಗಿಸತ್ತೆ. ಆಯಿಲ್ ತಾಗಿದ್ರೆ ರಬ್ಬರ್ ಊದ್ಕೊಂಡು ಮೆತ್ತಗಾಗತ್ತೆ, ಹಲ್ಲು ಕಿತ್ತು ಬರತ್ತೆ. ಸಣ್ಣ ಕಲ್ಲು ಪುಲ್ಲಿಗೂ ಬೆಲ್ಟ್‌ಗೂ ಮಧ್ಯೆ ಸಿಕ್ಕಿದ್ರಂತೂ ಬೆಲ್ಟ್ ಹಲ್ಲು ಜಂಪ್ ಆಗಿ ಟೈಮಿಂಗ್ ತಪ್ಪಿ ಪಿಸ್ಟನ್ ಹೋಗಿ ವಾಲ್ವ್‌ಗೆ ಗುದ್ದತ್ತೆ, ವಾಲ್ವ್ ತೆರೆಯೋಕೆ ಇರೋ ಪುಶ್‌ರಾಡ್ ಕಡ್ಡಿ ಬೆಂಡ್ ಆಗತ್ತೆ, ಗಾಡಿ ಅಲ್ಲೇ ನಿಲ್ಲತ್ತೆ.

ಇನ್ನೊಂದು, ಈ ಇಂಜಿನ್ನಿನ ಟೈಮಿಂಗ್ ಕವರ್ ತಳದಲ್ಲಿ ಒಂದು ಸಣ್ಣ ತೂತಿದೆ, ನೀರು ದಾಟುವಾಗ ಅದನ್ನ ಮುಚ್ಚೋಕೆ ವೇಡಿಂಗ್ ಪ್ಲಗ್ ಅನ್ನೋ ಬಿರಡೆ ಹಾಕ್ಬೇಕು. ನೀರಿಗೆ ಇಳಿಯೋ ಮುಂಚೆ ಹಾಕಿ, ದಾಟಿದ್ಮೇಲೆ ತೆಗೀರಿ, ಈ ತೆಗೆಯೋದನ್ನ ಯಾರೂ ಮರೀಬೇಡಿ ದಯವಿಟ್ಟು. ಸೀಲ್ ಸೋರಿದ್ರೆ ಆಯಿಲ್ ಆ ತೂತಿಂದ ಆಚೆ ಬರ್ಲಿ ಅಂತಾನೇ ಅದನ್ನ ಬಿಟ್ಟಿರೋದು, ಮುಚ್ಚೇ ಇಟ್ರೆ ಒಳಗೇ ನಿಂತು ಬೆಲ್ಟ್ ನೆನೆಯತ್ತೆ. ಅಲ್ಲೇ ಬೆರಳು ಹಾಕಿ ಸವರಿ ನೋಡಿ, ಕಪ್ಪು ರಬ್ಬರ್ ಪುಡಿ ಬಂದ್ರೆ ಬೆಲ್ಟ್ ಅಂಚು ಎಲ್ಲೋ ಉಜ್ತಿದೆ ಅಂತ ಅರ್ಥ, ಪುಲ್ಲಿ ಅಲೈನ್‌ಮೆಂಟ್ ನೋಡಿಸ್ಬೇಕು. ಶುರುವಿನ 300 ಟಿಡಿಐಗಳಲ್ಲಿ ಈ ತೊಂದ್ರೆ ಇತ್ತು, ಅದಕ್ಕೇ ಆಮೇಲೆ ಮಾಡಿಫೈಡ್ ಪುಲ್ಲಿಗಳ ಕಿಟ್ ಬಂತು. ನಿಮ್ಮದು ಹಳೇ ಗಾಡಿಯಾಗಿದ್ರೆ ಆ ಮಾಡಿಫಿಕೇಶನ್ ಆಗಿದೆಯಾ ಅಂತ ಮೊದ್ಲು ತಿಳ್ಕೊಂಡು ಆಮೇಲೆ ಆರ್ಡರ್ ಮಾಡಿ, ಎರಡಕ್ಕೂ ಕಿಟ್ ಬೇರೆ ಬೇರೆ.

ಫಿಟ್ಟಿಂಗ್ ಬಗ್ಗೆ ಹೇಳ್ಬೇಕಂದ್ರೆ ಬೆಲ್ಟ್ ಚೆನ್ನಾಗೇ ಕೂರತ್ತೆ. ಡಬ್ಬದಲ್ಲೂ ಮಡಚದೆ ಅಗಲ ಸುರುಳಿಯಾಗೇ ಇಟ್ಟಿದ್ರು, ಅದು ಮೆಚ್ಚುಗೆ ಆಯ್ತು, ಮಡಚಿದ್ರೆ ಒಳಗಿನ ಗ್ಲಾಸ್‌ಫೈಬರ್ ದಾರ ಮುರೀಬಹುದು, ಹೊರಗಿಂದ ಏನೂ ಕಾಣಲ್ಲ. ಸ್ಕ್ರೂಡ್ರೈವರ್ ಹಾಕಿ ಮೀಟಿ ಏರಿಸೋ ಮೆಕ್ಯಾನಿಕ್ ಹತ್ರ ಮಾತ್ರ ಕೊಡ್ಬೇಡಿ. ಫ್ಲೈವೀಲ್‌ಗೂ ಡೀಸೆಲ್ ಪಂಪ್‌ಗೂ ಅಲುಗಾಡದಂಗೆ ಲಾಕ್ ಪಿನ್ ಹಾಕಿ, ಬೆಲ್ಟ್‌ಗೆ ಟೆನ್ಷನ್ ಕೊಟ್ಟು, ಪಿನ್ ತೆಗೆದು, ಇಂಜಿನ್ನ ಕೈಯಲ್ಲೇ ತಿರುಗಿಸಿ ಇನ್ನೊಂದ್ಸಲ ಟೆನ್ಷನ್ ಸೆಟ್ ಮಾಡ್ಬೇಕು. ಈ ಎರಡನೇ ಸಲದ್ದನ್ನ ಬಹಳ ಕಡೆ ಬಿಟ್ಬಿಡ್ತಾರೆ, ನಿಂತು ಮಾಡಿಸ್ಕೊಳ್ಳಿ.

ಕಿಟ್ಟಲ್ಲಿ ಎರಡು ಕೊರತೆ. ವೇಡಿಂಗ್ ಪ್ಲಗ್ ಜೊತೇಲಿ ಬರಲ್ಲ, ಬೇರೆ ತಗೋಬೇಕು. ಕೊಟ್ಟಿರೋ ಹಾಳೇಲಿ ಟೆನ್ಷನ್ ವಿಧಾನ ಸರಿಯಾಗಿ ಬರೆದಿಲ್ಲ, ವರ್ಕ್‌ಶಾಪ್ ಮ್ಯಾನುಯಲ್ ಇಟ್ಕೊಂಡೇ ಕೆಲಸ ಶುರು ಮಾಡಿ.

ಮಾಮೂಲಿ ಬಳಕೆಗೆ 1,20,000 ಕಿ.ಮೀ.ಗೆ ಬೆಲ್ಟ್ ಬದಲಾಯಿಸಿ ಅಂತಾರೆ, ಧೂಳು, ನೀರಲ್ಲಿ ದುಡಿಯೋ ಗಾಡಿಗೆ ಅದರ ಅರ್ಧ, 60,000. ನಾನು ಆ ಅರ್ಧದ ಲೆಕ್ಕಾನೇ ಹಿಡೀತೀನಿ. ಕಿಟ್‌ಗೆ 5ಕ್ಕೆ 4, ಪ್ಲಗ್ ಸೇರಿಸಿ ಕೊಟ್ಟಿದ್ರೆ ಪೂರ್ತಿ ಕೊಡ್ತಿದ್ದೆ.